ವಿಹಾರಯಾತ್ರೆ, ಧರ್ಮಯಾತ್ರೆ

ಗುತ್ತಿಗೆ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಶಾಸನಗಳಿವೆ. ಅವುಗಳಲ್ಲಿ ಎಂಟನೆಯದು ಯಾತ್ರೆಯನ್ನು ಕುರಿತದ್ದು. ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರೆಂದೂ, ತಾನು ಪಟ್ಟವೇರಿ ಹತ್ತು ವರ್ಷಗಳಾದ ಮೇಲೆ ಸಂಬೋಧಿಯ ಸ್ಥಳಕ್ಕೆ ಹೋಗಿ, ಅಂದಿನಿಂದ ಧರ್ಮಯಾತ್ರೆಯನ್ನು ಕೈಕೊಂಡೆನೆಂದೂ ಅರಸನು ಅದರಲ್ಲಿ ತಿಳಿಸುತ್ತಾನೆ. ಬ್ರಾಹ್ಮಣ ಶ್ರಮಣರ ದರ್ಶನ, ವೃದ್ಧರಿಗೆ ದಾನ, ನಾಡಜನರನ್ನು ಕಂಡು ಧರ್ಮವನ್ನು ಕುರಿತು ಮಾತನಾಡುವುದು, ಇವು ಆ ಯಾತ್ರೆಯ ಲಕ್ಷಣಗಳು. ಹಿಮಾಲಯದ ತಪ್ಪಲಿನಲ್ಲಿ, ಯಮುನೆಯ ಬಳಿಯ ಕಾಲ್ಸಿಯ ಬಂಡೆಯ ಮೇಲೂ ಇದೇ ಶಾಸನವಿದೆ. ಹಿಂದೂಪುರ, ಕಲ್ಯಾಣದುರ್ಗಗಳ ನಮಗೂ ಹಿಮವಂತನಿಗೂ ಇರುವ ಹಳೆಯ ನಂಟುಗಳಲ್ಲಿ ಇದೂ ಒಂದು.

ಈಗ ನಮ್ಮ ತರುಣರು ಬೆನ್ನಿಗೆ ಚೀಲ ಕಟ್ಟಿಕೊಂಡು ಲಡಾಖಿನ ಕಣಿವೆಗಳಲ್ಲಿ ಕಾಲ್ನಡೆಯಾಗಿ ತಿರುಗಿ ಬರುತ್ತಾರೆ. ಬೇಟೆಯ ಮಾತೇ ಇಲ್ಲ. ಮಂತ್ರ ಕೆತ್ತಿದ ಮಣಿಶಿಲೆಗಳ ಗೋಡೆ ಎದುರಾದರೆ ಅದು ತಮ್ಮ ಬಲಕ್ಕಿರುವಂತೆ ಪ್ರದಕ್ಷಿಣೆಯಾಗಿ ನಡೆಯುತ್ತಾರೆ, ಗೊಂಪಾದಲ್ಲಿ ಕೈಮುಗಿಯುತ್ತಾರೆ. ಆದರೂ ಕೇಳಬೇಕಾಗಿದೆ: ಬಿಲ್ಲನ್ನು ಕೆಳಗಿಟ್ಟ ಮಾತ್ರಕ್ಕೆ ವಿಹಾರವು ಧರ್ಮವಾದೀತೆ?

ಲಡಾಖಿನ ಪಶುಪಾಲಕರು ಹಿಂದೆ ತೋಳಗಳಿಗಾಗಿ ಶಾಂದೋಂಗ್ ಎಂಬ ಕಲ್ಲುಗೋಡೆಯ ಗುಂಡಿಗಳನ್ನು ಕಟ್ಟುತ್ತಿದ್ದರು. ಒಳಗೆ ಆಸೆಗೆಂದು ಒಂದು ಪ್ರಾಣಿಯನ್ನು ಬಿಡುವರು. ಹಾರಿ ಒಳಬಿದ್ದ ತೋಳ ಮೇಲೇರಲಾರದು. ಅದನ್ನು ಕಲ್ಲೆಸೆದು ಕೊಲ್ಲುವರು. 2018ರಲ್ಲಿ ಚುಶೂಲಿನ ಜನರು ತಮ್ಮೂರಿನ ಇಂಥ ಗುಂಡಿಗಳ ಗೋಡೆಯನ್ನು ಒಂದೆಡೆ ಬಿಚ್ಚಿ, ಬಿದ್ದ ಪ್ರಾಣಿ ಹೊರಬರುವಂತೆ ದಾರಿಮಾಡಿ, ಪಕ್ಕದಲ್ಲಿ ಒಂದು ಸ್ತೂಪವನ್ನು ಕಟ್ಟಿದರು. ಮೈಸೂರಿನಲ್ಲಿ ನೆಲೆಯುಳ್ಳ ನಿಸರ್ಗ ಸಂರಕ್ಷಣಾ ಸಂಸ್ಥೆಯೊಂದು ಅವರೊಡನೆ ದುಡಿದಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತೋಳವನ್ನು ಕ್ಷಮಿಸಿದವರು ತೋಳನಿಂದ ಕುರಿ ಕಳೆದುಕೊಂಡವರೇ. ನಾಳೆ ಮತ್ತೆ ಕಳೆದುಕೊಳ್ಳಬಹುದೆಂದು ಬಲ್ಲವರು. ಆ ಕರುಣೆಗೆ ಅವರು ಬೆಲೆ ತೆರುತ್ತಾರೆ. ದೂರದಿಂದ ತೋಳವನ್ನು ಕಂಡು ಪುಳಕಗೊಳ್ಳುವ ಯಾತ್ರಿಕನು ತೆರುವುದೇನೂ ಇಲ್ಲ. ನೋಡಿ ಸಂತೋಷಪಡುವುದು ದೋಷವೆಂದು ನಾವು ಹೇಳುವುದಿಲ್ಲ. ಗಿರಿಶಿಖರದ ದರ್ಶನದಿಂದ ಅಹಂಕಾರ ಕುಗ್ಗುವುದೂ ಉಂಟು. ಆದರೆ ಮತ್ತೊಬ್ಬರು ಬೆಲೆ ಕೊಟ್ಟು ಉಳಿಸಿದ ಸೊಬಗನ್ನು ಅನುಭವಿಸಿದವನು ಅವರಿಗೆ ಋಣಿಯಾಗುತ್ತಾನೆ. ಆ ಋಣವನ್ನು ಅರಿಯದಿದ್ದರೆ ಅದು ವಿಹಾರವೇ ಸರಿ. ಅರಿಯಬೇಕಾದರೆ ಆ ನಾಡಿನ ಜನರೊಡನೆ ಕುಳಿತು ಅವರ ಮಾತನ್ನು ಕೇಳಬೇಕು. ಶಾಸನವು ನಾಡಜನರ ದರ್ಶನವನ್ನು ಯಾತ್ರೆಯಲ್ಲಿ ಸೇರಿಸಿರುವುದರ ಅರ್ಥ ಇದೇ ಎಂದು ನಮಗೆ ತೋರುತ್ತದೆ.

ಪರೀಕ್ಷೆಯು ಹಿಮಾಲಯದಲ್ಲಿ ಮುಗಿಯುವುದಿಲ್ಲ. ಕಲ್ಯಾಣದುರ್ಗದ ಸೀಮೆಯಲ್ಲಿಯೂ ಕುರುಬರಿದ್ದಾರೆ, ಕುರಿರೊಪ್ಪಗಳಿವೆ, ತೋಳದ ಭಯವೂ ಉಂಟು. ಲಡಾಖಿನವರ ದಯೆಯನ್ನು ಕೊಂಡಾಡಿ ಬಂದವನು, ಒಂದು ಬೆಳಗ್ಗೆ ನಮ್ಮೂರಿನ ರೊಪ್ಪದಲ್ಲಿ ಸತ್ತ ಕುರಿಗಳ ಮುಂದೆ ಕುಳಿತಿರುವ ಕುರುಬನಿಗೆ ತೋಳವನ್ನು ಕೊಲ್ಲಬೇಡವೆಂದು ಉಪದೇಶಿಸಿ ಹೊರಟುಹೋಗುವನೋ, ಇಲ್ಲವೆ ಆ ನಷ್ಟದಲ್ಲಿ ತಾನೂ ಒಂದು ಪಾಲು ಹೊರುವನೋ? ಆತನು ಮಾಡಿಬಂದ ಯಾತ್ರೆ ಯಾವುದೆಂಬುದು ಆಗ ತಿಳಿಯುತ್ತದೆ.