ಟ್ರಂಕಿನೊಳಗಿನ ಸಾಕ್ಷಿ

ಭರಮಸಾಗರದಲ್ಲಿ ನಮಗೆ ಉರ್ದು ಕಲಿಸಿದ ಮಾಸ್ತರ್ ಸಾಹೇಬರು ತೀರಿಕೊಂಡ ಮೇಲೆ ಅವರ ಮಗ ಒಂದು ತಗಡಿನ ಟ್ರಂಕನ್ನು ತಂದು ನಮ್ಮ ಮುಂದಿಟ್ಟ. "ಅಬ್ಬಾ ಕತ್ತರಿಸಿಟ್ಟ ಪೇಪರುಗಳು ಭಾಯ್. ನೀವು ಕಥೆ ಬರೆಯೋರು, ಬೇಕಾದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ರದ್ದಿಗೆ ಹಾಕ್ತೀನಿ" ಎಂದ. ಮುಚ್ಚಳ ತೆರೆದರೆ ನುಸಿಗುಳಿಗೆಯ ವಾಸನೆ. ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ ಮೈದಾ ಅಂಟಿನಿಂದ ಅಂಟಿಸಿದ ಸುದ್ದಿಯ ತುಣುಕುಗಳು. ಅರ್ಧ ಉರ್ದು, ಅರ್ಧ ಕನ್ನಡ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೂ ಓದಿ ಬಿಟ್ಟ ಪತ್ರಿಕೆಯನ್ನು ಮಾಸ್ತರರು ಸಂಜೆ ಕೇಳಿ ಒಯ್ಯುತ್ತಿದ್ದುದು ನಮಗೆ ನೆನಪಿತ್ತು. ಯಾತಕ್ಕೆಂದು ನಾವು ಕೇಳಿರಲಿಲ್ಲ.

ಓದುತ್ತಾ ಹೋದಂತೆ ಗೊತ್ತಾಯಿತು. ಅಲ್ಲಿದ್ದವೆಲ್ಲ ಗಾಯದ ಸುದ್ದಿಗಳು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ್ದು. ಅನಂತರದ ಗಲಭೆಗಳು. 1994ರ ಅಕ್ಟೋಬರ್ ತಿಂಗಳಿನದೇ ಒಂದು ಕಟ್ಟು. ಆ ತಿಂಗಳ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತ್ತು. ವಿರೋಧವು ಗಲಭೆಯಾಗಿ 20ಕ್ಕೂ ಹೆಚ್ಚು ಜೀವಗಳು ಹೋದವು, ವಾರ್ತೆಯೂ ನಿಂತಿತು. ಬೆಳಿಗ್ಗೆ ಒಂದು ಭಾಷೆಯಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಪಾಠ ಓದುತ್ತಿದ್ದ ನಮ್ಮಂಥ ಮಕ್ಕಳಿಗೆ ತಾಯಂದಿರಿಬ್ಬರು ಬೀದಿಯಲ್ಲಿ ಜಗಳಕ್ಕೆ ನಿಂತಂತಾಗಿತ್ತು.

ನೊಂದವನು ತನ್ನ ನೋವನ್ನು ಹೀಗೆ ಕೂಡಿಡುವುದು ತಪ್ಪೆ? ತಪ್ಪೆಂದು ಹೇಳಲು ನಮಗೆ ಬಾಯಿ ಬಾರದು. ಹಾಗೆ ಕೂಡಿಡದಿದ್ದರೆ ನಾಳೆ, ಅಂಥದ್ದೇನೂ ನಡೆದೇ ಇಲ್ಲವೆನ್ನುವವರಿಗೆ ಉತ್ತರವಿರುವುದಿಲ್ಲ.

ಇಂಥದೇ ಒಂದು ದೊಡ್ಡ ಟ್ರಂಕು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿದೆ. 1995ರಲ್ಲಿ ಅಲ್ಲಿ ಸ್ಥಾಪನೆಯಾದ ಓಪನ್ ಸೊಸೈಟಿ ಆರ್ಕೈವ್ಸ್ ಎಂಬ ದಾಖಲೆ ಭಂಡಾರವು ರೇಡಿಯೊ ಫ್ರೀ ಯುರೋಪಿನ ಕಡತಗಳನ್ನು ಕಾಪಾಡಿಕೊಂಡಿದೆ. ಅವುಗಳಲ್ಲಿ ಅಲ್ಬೇನಿಯಾದ ರಾಜಕೀಯದ ಕುರಿತ ಪತ್ರಿಕಾ ತುಣುಕುಗಳೂ ಇವೆ. ಮುಸ್ಲಿಮರೇ ಹೆಚ್ಚಾಗಿದ್ದ ಆ ಪುಟ್ಟ ದೇಶದಲ್ಲಿ 1967ರಲ್ಲಿ ಎನ್ವರ್ ಹೋಜಾನ ಸರಕಾರ ಮಸೀದಿ, ಚರ್ಚುಗಳಿಗೆಲ್ಲ ಬೀಗ ಹಾಕಿ ತನ್ನದು ಜಗತ್ತಿನ ಮೊದಲ ನಾಸ್ತಿಕ ರಾಷ್ಟ್ರವೆಂದು ಸಾರಿತು. ಇಮಾಮರೂ ಪಾದ್ರಿಗಳೂ ಜೈಲು ಸೇರಿದರು, ಕೆಲವರು ಕೊಲ್ಲಲ್ಪಟ್ಟರು. ಬಹಿರಂಗ ನಮಾಜಿಗೆ ಜನ 1990ರವರೆಗೆ ಕಾಯಬೇಕಾಯಿತು. ಅಷ್ಟೂ ವರ್ಷ ಅಲ್ಲಿಯ ಪತ್ರಿಕೆಗಳು ಪಕ್ಷ ಹೇಳಿದ್ದನ್ನೇ ಬರೆದವು.

ಆ ಕಡತ ಕಟ್ಟಿದವರು ಸಂತರೇನಲ್ಲ. ಆ ರೇಡಿಯೊಗೆ 1970ರ ದಶಕದ ಆರಂಭದವರೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ಹಣ ಬರುತ್ತಿತ್ತು. ಶತ್ರುವನ್ನು ಮಣಿಸುವುದೇ ಅವರ ಉದ್ದೇಶ. ಆದರೆ ಅವರು ಒಂದು ಶಿಸ್ತು ಪಾಲಿಸಿದರು. ಮೆಚ್ಚಿದ ಪತ್ರಿಕೆಗಳನ್ನಷ್ಟೇ ಅಲ್ಲ, ಎದುರಾಳಿಯ ಪತ್ರಿಕೆಗಳನ್ನೂ ತರಿಸಿ ಓದಿ, ವಿಷಯವಾರು ಜೋಡಿಸಿಟ್ಟರು. ಒಂದು ಆಡಳಿತ ಹೆಮ್ಮೆಯಿಂದ ಹೇಳಿಕೊಂಡ ಮಾತೇ ಮುಂದೆ ಅದರ ಮೇಲಿನ ಸಾಕ್ಷಿಯಾಗುವುದು ಹೀಗೆ.

ಈ ಶಿಸ್ತು ನಮಗೆ ಹೊಸದಲ್ಲ. ಹದೀಸ್ ಸಂಗ್ರಹಿಸಿದ ಹಿರಿಯರು ಮಾತಿನ ಜೊತೆ ಸನದನ್ನೂ ಕೇಳಿದರು. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರು ನಂಬತಕ್ಕವರೇ? ಮಾತು ಎಷ್ಟೇ ಚೆನ್ನಾಗಿದ್ದರೂ ಸರಪಳಿ ಕಡಿದಿದ್ದರೆ ಅದನ್ನು ದುರ್ಬಲವೆಂದು ಬದಿಗಿಟ್ಟರು. ಮಾಸ್ತರರ ಟ್ರಂಕಿನಲ್ಲಿ ಅರ್ಧದಷ್ಟು ತುಣುಕುಗಳಿಗೆ ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ. ಈಗ ನಮ್ಮ ಮೊಬೈಲುಗಳಲ್ಲಿ ಬಂದು ಬೀಳುವ ಸುದ್ದಿಯೂ ಹಾಗೆಯೇ: ಬಾಲವಿಲ್ಲ, ಬುಡವಿಲ್ಲ, ರೊಚ್ಚಿಗೆ ಮಾತ್ರ ಕೊರತೆಯಿಲ್ಲ.

ತಾರೀಖಿಗಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಟ್ರಂಕಿನಲ್ಲಿ 1985ರ ಶಾಬಾನು ತೀರ್ಪಿನ ಕಟ್ಟೂ ಇದೆ. ತೀರ್ಪನ್ನು ಖಂಡಿಸಿದ ಭಾಷಣಗಳು, ಸಭೆಗಳು, ಮನವಿಗಳು ಎಲ್ಲವೂ ಇವೆ. ಇಂದೋರಿನ ಆ ವೃದ್ಧೆಯ ಕುರಿತು ಒಂದು ತುಣುಕೂ ಇಲ್ಲ. ಅರವತ್ತು ದಾಟಿದ ಮೇಲೆ ತಲಾಖ್ ಪಡೆದ ಆಕೆಗೆ ನ್ಯಾಯಾಲಯ ಗೊತ್ತುಮಾಡಿದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ. ಅಷ್ಟು ಹಣಕ್ಕಾಗಿ ವಕೀಲನಾಗಿದ್ದ ಗಂಡನೆದುರು ಸುಪ್ರೀಂ ಕೋರ್ಟಿನವರೆಗೆ ನಿಲ್ಲಬೇಕಾಯಿತಲ್ಲ ಎಂಬ ನೋವು ಮಾಸ್ತರರ ಕತ್ತರಿಗೆ ಸಿಕ್ಕಿರಲಿಲ್ಲ. ನಮಗಾದ ಗಾಯವನ್ನು ಎಣಿಸಿದ ಕೈ ನಮ್ಮವರಿಂದಾದ ಗಾಯವನ್ನು ಎಣಿಸಲಿಲ್ಲ. ಮಾಸ್ತರರೊಬ್ಬರನ್ನೇ ದೂರಲಾರೆವು. ಅಂದು ನಾವೂ ಹಿರಿಯರ ಮಾತಿಗೆ ತಲೆದೂಗಿಕೊಂಡೇ ಬೆಳೆದವರು.

ನ್ಯಾಯಕ್ಕೆ ಸಾಕ್ಷಿಯಾಗುವವನು ತನಗೆ, ತನ್ನ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಹಿಂಜರಿಯಬಾರದೆಂಬ ಆದೇಶ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಗಾಯಗಳನ್ನಷ್ಟೇ ತುಂಬಿಕೊಂಡ ಟ್ರಂಕು ಸಾಕ್ಷಿಯಲ್ಲ, ಬರೀ ದೂರು. ದೂರು ಕೊಡುವ ಹಕ್ಕು ನೊಂದವನಿಗಿದೆ. ಆದರೆ ದೂರನ್ನಷ್ಟೇ ಓದಿ ಬೆಳೆದ ಮಕ್ಕಳಿಗೆ ಪಕ್ಕದ ಮನೆಯವರೆಲ್ಲ ಆರೋಪಿಗಳಾಗಿಯೇ ಕಾಣುತ್ತಾರೆ. ಅತ್ತ ಪಕ್ಕದ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು, ಅದರಲ್ಲಿ ನಾವೇ ಆರೋಪಿಗಳು.

ಪತ್ರಿಕೆಯೂ ಎಲ್ಲವನ್ನೂ ಬರೆಯುವುದಿಲ್ಲ. 1994ರ ಆ ವಾರ, ಊರಿಗೆ ಏನೇನೋ ವದಂತಿಗಳು ಬಂದಾಗ, ನಮ್ಮ ಓಣಿಯ ಲಿಂಗಾಯತ ಅಂಗಡಿಯ ಅಜ್ಜ ರಾತ್ರಿ ಮಸೀದಿಯ ಕಟ್ಟೆಗೆ ಬಂದು ಕೂತಿದ್ದರು. ಎಲೆ ಅಡಿಕೆ ಹಾಕಿಕೊಂಡು ಮಳೆ ಬೆಳೆ ಮಾತಾಡಿ, ಇಶಾ ನಮಾಜು ಮುಗಿದು ಎಲ್ಲರೂ ಮನೆ ಸೇರಿದ ಮೇಲೆ ಎದ್ದು ಹೋದರು. ಏನೂ ನಡೆಯಲಿಲ್ಲ. ಏನೂ ನಡೆಯದ್ದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ಟ್ರಂಕನ್ನು ನಾವು ರದ್ದಿಗೆ ಹಾಕಗೊಡಲಿಲ್ಲ. ಒಂದು ತುಣುಕನ್ನೂ ತೆಗೆಯಲಿಲ್ಲ. ಆ ನೋವುಗಳೂ ನಿಜವೇ. ಮಾಸ್ತರರ ಮಗನನ್ನು ಕೂರಿಸಿಕೊಂಡು ಗೊತ್ತಾದಷ್ಟಕ್ಕೆ ತಾರೀಖು ಬರೆದೆವು. ಆಮೇಲೆ ಎರಡು ಹಾಳೆ ಸೇರಿಸಿದೆವು. ಒಂದರಲ್ಲಿ ಆ 179 ರೂಪಾಯಿ 20 ಪೈಸೆಯ ಲೆಕ್ಕ. ಇನ್ನೊಂದರಲ್ಲಿ ಅಜ್ಜ ಮಸೀದಿಯ ಕಟ್ಟೆಯಲ್ಲಿ ಕೂತಿದ್ದ ಸಂಗತಿ. ಅದರ ಕೆಳಗೆ, ಕಣ್ಣಾರೆ ಕಂಡವರು ಎಂದು ನಮ್ಮ ರುಜು, ಬರೆದ ತಾರೀಖು.