ಅಮಾನತ್ತು ಮತ್ತು ಬೀಗದ ಕೈ

ಉರ್ದುವಿನಲ್ಲಿ ‘ಮುಫ್ತ್’ ಬೇರೆ, ‘ಆಜಾದ್’ ಬೇರೆ. ಕನ್ನಡದಲ್ಲೂ ‘ಬಿಟ್ಟಿ’ಗೂ ‘ಸ್ವತಂತ್ರ’ಕ್ಕೂ ನಂಟಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಈ ಎರಡರ ಭಾರವನ್ನೂ ‘ಫ್ರೀ’ ಎಂಬ ಒಂದೇ ಪದ ಹೊರಬೇಕು. ಈ ಪದದ ಬಡತನದಿಂದಾಗಿ, ಕಂಪ್ಯೂಟರ್ ಲೋಕದಲ್ಲಿ ನಾಲ್ಕು ದಶಕಗಳಿಂದ ನಡೆದಿರುವ ಒಂದು ದೊಡ್ಡ ನೈತಿಕ ವಾದವನ್ನು ನಮ್ಮಲ್ಲಿ ಅನೇಕರು ದುಡ್ಡು ಉಳಿಸುವ ಉಪಾಯವೆಂದೇ ತಿಳಿದಿದ್ದಾರೆ.

ವಾದ ಹುಟ್ಟಿದ್ದು ಒಂದು ಪ್ರಿಂಟರಿನಿಂದ. ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್ಮನ್ ಇದಕ್ಕೂ ಹಾಗೆಯೇ ಮಾಡಹೊರಟರು. ಆದರೆ ಇದರ ಮೂಲ ಬರಹ ಕೈಗೆ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಬ್ಬ ಸಂಶೋಧಕ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಾಗಿತ್ತು. ನೆರೆಯವನಿಗೆ ನೆರವಾಗುವುದಿಲ್ಲ ಎಂದು ಮೊದಲೇ ಮಾತು ಕೊಡುವುದು ಸರಿಯೇ? ಸ್ಟಾಲ್ಮನ್ ಕೇಳಿಕೊಂಡ ಪ್ರಶ್ನೆ ಇಷ್ಟೇ. 1983ರಲ್ಲಿ ಅವರು ‘ಗ್ನೂ’ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ‘ಲಿನಕ್ಸ್’ ಅದಕ್ಕೆ ಜೊತೆಯಾಯಿತು. ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿರುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಅದರ ಬೆಲೆ ಸೊನ್ನೆಯೇ ಆಗಿರಬೇಕೆಂದಿಲ್ಲ.

ಇದಕ್ಕೂ ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡುಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಡಿಟಿಪಿ ಅಂಗಡಿಯಿಂದಲೇ ಶುರುವಾಗುತ್ತದೆ. 1994ರಲ್ಲಿ ಬಂದ ‘ಇನ್‌ಪೇಜ್’ ಉರ್ದುವಿನ ನಸ್ತಾಲೀಖ್ ಲಿಪಿಯನ್ನು ಸಾಮಾನ್ಯ ಕಂಪ್ಯೂಟರಿಗೆ ತಂದಿತು. ನಿಕಾಹ್ ಪತ್ರಿಕೆ, ಮದರಸದ ರಸೀದಿ ಪುಸ್ತಕ, ಉರುಸ್‌ನ ಕರಪತ್ರ ಎಲ್ಲವೂ ಕಾತಿಬರ ಕೈಯಿಂದ ಜಾರಿ ಅದರ ಪಾಲಾದವು. ಸಣ್ಣ ಊರುಗಳ ಅಂಗಡಿಗಳಲ್ಲಿ ನಾನು ಕಂಡ ಇನ್‌ಪೇಜ್ ಪ್ರತಿಗಳಲ್ಲಿ ಹೆಚ್ಚಿನವು ಕದ್ದವು. ಹಲಾಲ್ ಹರಾಮಿನ ಮೇಲೆ ಬರೆದ ಕರಪತ್ರವೂ ಕದ್ದ ತಂತ್ರಾಂಶದಲ್ಲೇ ಅಚ್ಚಿಗೆ ಸಿದ್ಧವಾಗುತ್ತಿತ್ತು! ಗ್ರಂಥಕರ್ತರ, ಆವಿಷ್ಕಾರಕರ ಹಕ್ಕುಗಳು ಶರೀಅತ್ತಿನ ರಕ್ಷಣೆಗೆ ಅರ್ಹವೆಂದು ಇಸ್ಲಾಮಿ ಫಿಕ್ಹ್ ಅಕಾಡೆಮಿ 1988ರಲ್ಲಿ ಕುವೈತ್‌ನಲ್ಲಿ ಸೇರಿ ತೀರ್ಮಾನಿಸಿತ್ತು. ಆ ತೀರ್ಮಾನ ನಮ್ಮ ಡಿಟಿಪಿ ಅಂಗಡಿಗಳವರೆಗೆ ಬರಲೇ ಇಲ್ಲ.

ಕಳ್ಳತನ ಒಂದು ಮುಖವಾದರೆ, ಬೀಗ ಇನ್ನೊಂದು ಮುಖ. ಇನ್‌ಪೇಜಿನಲ್ಲಿ ಬರೆದದ್ದು ಇನ್‌ಪೇಜಿನಲ್ಲೇ ತೆರೆದುಕೊಳ್ಳಬೇಕು. ಹಳೆಯ ನುಡಿ, ಬರಹಗಳಲ್ಲಿ ಟೈಪಾದ ಕನ್ನಡವೂ ಹಾಗೆಯೇ. ಅಕ್ಷರ ಕನ್ನಡದ್ದಾಗಿ ಕಂಡರೂ ಒಳಗೆ ಕೂತಿರುವ ಸಂಕೇತ ರೋಮನ್ ಲಿಪಿಯದು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಥೆಯ ಬದಲು ಚಿತ್ರವಿಚಿತ್ರ ಚಿಹ್ನೆಗಳ ರಾಶಿ ಬೀಳುತ್ತದೆ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ನಮ್ಮ ಅಂಗಡಿಗಳಿಗೆ ಅದು ಬಂದದ್ದು ಬಹಳ ತಡವಾಗಿ. ನನ್ನ ಕೆಲವು ಕಥೆಗಳ ಮೊದಲ ಪ್ರತಿಗಳು ಇಂದಿಗೂ ಹೀಗೆ ಬೀಗ ಬಿದ್ದ ಪೆಟ್ಟಿಗೆಯಲ್ಲಿವೆ. ಬರೆದವರು ನಾವು, ಬೀಗದ ಕೈ ಬೇರೆಯವರದು. ಬೇಲೂರಿನಿಂದ ಹೆಚ್ಚು ದೂರವಿಲ್ಲದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು, 2007ರಲ್ಲಿ ತೀರಿಕೊಳ್ಳುವ ಮುನ್ನ, ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದು ಏಕೆಂದು ಆಗ ಅನೇಕ ಸಾಹಿತಿಗಳಿಗೆ ಅರ್ಥವಾಗಿರಲಿಲ್ಲ. ಭಾಷೆಯ ಬೀಗದ ಕೈ ಯಾರ ಸೊಂಟದಲ್ಲಿ ನೇತಾಡಬೇಕು ಎಂಬುದು ಸಾಹಿತ್ಯದ್ದೇ ಪ್ರಶ್ನೆ ಎಂದು ಅವರಿಗೆ ಹೊಳೆದಿತ್ತೆಂದು ನನಗನ್ನಿಸುತ್ತದೆ.

ಈಗ ಬೀಗ ಇನ್ನೂ ದೂರ ಹೋಗಿದೆ. ಬರಹ ಮಾತ್ರವಲ್ಲ, ಮನೆಯ ಫೋಟೋ, ತೀರಿಕೊಂಡ ಅಮ್ಮಿಯ ದನಿ, ಜಮೀನಿನ ಪತ್ರದ ನಕಲು ಎಲ್ಲವೂ ಯಾವುದೋ ದೇಶದ ಯಾವುದೋ ಕಟ್ಟಡದಲ್ಲಿರುವ ಯಂತ್ರಗಳಲ್ಲಿವೆ. ಇದನ್ನು ನಾವು ‘ಕೊಟ್ಟಿದ್ದೇವೆ’ ಅನ್ನಬೇಕೋ, ‘ಇಟ್ಟಿದ್ದೇವೆ’ ಅನ್ನಬೇಕೋ? ಇಟ್ಟಿದ್ದೇವೆ ಎಂದಾದರೆ ಅದು ಅಮಾನತ್ತು. ಅಮಾನತ್ತಿಗೆ ನಿಯಮಗಳಿವೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆಜ್ಞೆ ಸೂರಃ ಅನ್ನಿಸಾದ 58ನೆಯ ವಚನದಲ್ಲಿದೆ. ಕ್ರಿ.ಶ. 622ರಲ್ಲಿ ಪ್ರವಾದಿಯವರು (ಸ) ಮಕ್ಕಾ ಬಿಟ್ಟ ಸಂದರ್ಭವನ್ನು ನೆನೆಯಿರಿ. ಅವರ ಪ್ರಾಣಕ್ಕೆ ಹೊಂಚು ಹಾಕಿದ್ದ ಊರಿನ ಜನರೇ ತಮ್ಮ ಒಡವೆ ವಸ್ತುಗಳನ್ನು ಅವರ ಬಳಿ ಇಟ್ಟಿದ್ದರು. ಅವನ್ನು ಒಂದೊಂದಾಗಿ ಮರಳಿಸಲೆಂದೇ ಹಜ್ರತ್ ಅಲಿಯವರನ್ನು (ರ) ಹಿಂದೆ ಬಿಟ್ಟು ಹೋದರು. ಯಾವುದು ಯಾರದು ಎಂಬ ಲೆಕ್ಕ, ಇಟ್ಟ ವಸ್ತುವನ್ನು ಇಟ್ಟುಕೊಂಡವನು ಬಳಸದಿರುವ ಸಂಯಮ, ಹೊರಡುವ ಮುನ್ನ ಮರಳಿಸುವ ಏರ್ಪಾಡು ಮೂರೂ ಅಲ್ಲಿವೆ.

ಈ ಅಳತೆಗೋಲು ಹಿಡಿದು ನಮ್ಮ ಕಾಲದ ಅಮೀನರನ್ನು ನೋಡಿ. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಅಳಿದವು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ನಮ್ಮ ಹುಡುಗರ ಮೊದಲ ಕವಿತೆ, ಮೊದಲ ಜಗಳ ಎಲ್ಲ ಅದರಲ್ಲಿದ್ದವು. 2020ರಲ್ಲಿ ಯಾಹೂ ಗ್ರೂಪ್ಸ್ ಹೋಯಿತು. ಪೂರ್ವಸೂಚನೆ ಕೊಟ್ಟರು ನಿಜ, ಪ್ರತಿ ಇಳಿಸಿಕೊಳ್ಳಲು ಅವಕಾಶವನ್ನೂ ಕೊಟ್ಟರು. ಆದರೆ ಸತ್ತವರ ಖಾತೆಗೆ ಸೂಚನೆ ಕಳಿಸಿ ಪ್ರಯೋಜನವೇನು? ಇನ್ನು ಸಂಯಮದ ಮಾತು ಬಿಡಿ. ನಾವು ಇಟ್ಟದ್ದನ್ನು ಓದಿ, ಅಳೆದು, ಜಾಹೀರಾತಿಗೆ ತಿರುಗಿಸುವುದೇ ಅನೇಕರ ವ್ಯಾಪಾರ. ‘ಮುಫ್ತ್’ ಎಂಬುದರ ಬೆಲೆ ಅದು.

ಅರಸೀಕೆರೆಯಲ್ಲಿ ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಹಾಕಿ, ಅದರ ಮೇಲೆ ‘ನೆಕ್ಸ್ಟ್‌ಕ್ಲೌಡ್’ ಎಂಬ ಮುಕ್ತ ತಂತ್ರಾಂಶವನ್ನು ಕೂರಿಸಿದ್ದಾರೆ. ಮನೆಯವರ ಫೋನುಗಳಲ್ಲಿ ತೆಗೆದ ಚಿತ್ರಗಳು ಈಗ ಕಪಾಟಿನ ಮೇಲಿರುವ ಆ ಪೆಟ್ಟಿಗೆಗೆ ಬಂದು ಬೀಳುತ್ತವೆ. ಇದನ್ನೇ ಮನೆ ಸರ್ವರ್ ಅನ್ನುವುದು. ಮೊದಲ ತಿಂಗಳ ಕರೆಂಟ್ ಬಿಲ್ ನೋಡಿ ಅವರ ಬೇಗಂ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಸುಮಾರು 60 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ 43 ಯೂನಿಟ್ ಆಗುತ್ತದೆ. ಆಮೇಲೆ ಅವರು 5 ವ್ಯಾಟ್ ಸಾಕಾಗುವ ಅಂಗೈಯಗಲದ ಕಂಪ್ಯೂಟರ್ ತರಿಸಿದರು. ಈಗ 4 ಯೂನಿಟ್ಟಿನೊಳಗೆ ಮುಗಿಯುತ್ತದೆ. ಹೊರ ಊರಿನಿಂದ ಈ ಪೆಟ್ಟಿಗೆಯನ್ನು ತಲುಪುವುದು ಇನ್ನೊಂದು ಪಾಡು. ಇಂಟರ್‌ನೆಟ್ ಕಂಪನಿಗಳು ಬಹಳ ಮನೆಗಳಿಗೆ ಪ್ರತ್ಯೇಕ ವಿಳಾಸ ಕೊಡದೆ ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ನಿಲ್ಲಿಸಿರುತ್ತವೆ. ಅದಕ್ಕೂ ಮುಕ್ತ ತಂತ್ರಾಂಶಗಳಲ್ಲಿ ಸುರಂಗ ಮಾರ್ಗಗಳಿವೆ. ಮೇಷ್ಟ್ರು ಅವನ್ನು ಕಲಿತದ್ದು ಅರುವತ್ತು ದಾಟಿದ ಮೇಲೆ.

ನನಗೆ ಮುಖ್ಯವೆನಿಸಿದ್ದು ಇದ್ಯಾವುದೂ ಅಲ್ಲ. ಮನೆಯವರೆಲ್ಲ ಆ ಪೆಟ್ಟಿಗೆಗೆ ಬಂದರು, ಮೇಷ್ಟ್ರ ಅಣ್ಣನ ಮಗಳೊಬ್ಬಳನ್ನು ಬಿಟ್ಟು. ಬಿ.ಎಡ್. ಓದುತ್ತಿದ್ದಾಳೆ, ಏನೇನೋ ಬರೆಯುತ್ತಾಳೆ, ಯಾರಿಗೂ ತೋರಿಸುವುದಿಲ್ಲ. ಏಕೆ ಬರುವುದಿಲ್ಲ ಎಂದು ಕೇಳಿದೆ. ‘ಆ ಕಂಪನಿಗೆ ನಾನು ಯಾರೆಂದು ಗೊತ್ತಿಲ್ಲ. ಚಿಕ್ಕಪ್ಪನಿಗೆ ಗೊತ್ತು’ ಅಂದಳು.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮನೆಯೊಳಗೆ ತಂದುಕೊಂಡರೆ ಸ್ವಾತಂತ್ರ್ಯ ಬಂದಂತೆಯೇ ಎಂದು ಈ ವಿದ್ಯೆಯನ್ನು ಸಾರುವವರು ನಂಬಿಬಿಟ್ಟಿದ್ದಾರೆ. ಯಾರ ಮನೆ? ಸರ್ವರ್ ನಡೆಸುವವನಿಗೆ ಅದರೊಳಗಿನ ಎಲ್ಲರ ಕಡತಗಳೂ ಸಾಮಾನ್ಯವಾಗಿ ತೆರೆದೇ ಇರುತ್ತವೆ. ನಮ್ಮ ಮನೆಗಳಲ್ಲಿ ಆ ಕೆಲಸ ಮಾಡುವವರು ಅಪ್ಪ, ಅಣ್ಣ, ಗಂಡ. ದೂರದ ಕಂಪನಿ ಅವಳ ಬರಹವನ್ನು ಓದಿ ಸೀರೆಯ ಜಾಹೀರಾತು ತೋರಿಸಬಹುದು. ಹತ್ತಿರದವನು ಓದಿದರೆ ಓದು ನಿಂತು ಹೋಗಬಹುದು, ಮದುವೆ ನಿಶ್ಚಯವಾಗಬಹುದು. ಅಪಾಯವನ್ನು ಅವಳು ತೂಗಿದ್ದು ತನ್ನ ತಕ್ಕಡಿಯಲ್ಲಿ, ಆ ತಕ್ಕಡಿ ಸುಳ್ಳಲ್ಲ. ನಮ್ಮಲ್ಲಿ ಇನ್ನೊಂದು ವಿಚಿತ್ರವೂ ಇದೆ. ದಿವಾನಖಾನೆಯ ಗೋಡೆಗೆ ಹೆಂಗಸರ ಫೋಟೋ ಹಾಕಲು ಒಪ್ಪದ ಮನೆಗಳು ಅದೇ ಫೋಟೋಗಳನ್ನು ಸಾವಿರಗಟ್ಟಲೆಯಲ್ಲಿ ಗುರುತು ಪರಿಚಯವಿಲ್ಲದ ಯಂತ್ರಕ್ಕೆ ಒಪ್ಪಿಸುತ್ತವೆ. ಅಲ್ಲಿಲ್ಲದ ಪರ್ದಾ ಚರ್ಚೆ ಮನೆಯ ಪೆಟ್ಟಿಗೆ ಬಂದ ಕೂಡಲೇ ಶುರುವಾಗುತ್ತದೆ, ‘ನಾನು ನೋಡಿಕೊಳ್ಳುತ್ತೇನೆ’ ಎಂಬ ಧಾಟಿಯಲ್ಲಿ.

ಬೇರೆಯವರ ಮನೆಯೊಳಗೆ ಅನುಮತಿಯಿಲ್ಲದೆ ಹೋಗಬಾರದೆಂದು ಸೂರಃ ಅನ್ನೂರ್‌ನ 27ನೆಯ ವಚನ ಹೇಳುತ್ತದೆ. ಸೂರಃ ಅಲ್‌ಹುಜುರಾತ್‌ನ 12ನೆಯದು ಗುಟ್ಟು ಕೆದಕುವುದನ್ನು ನಿಷೇಧಿಸುತ್ತದೆ. ಚಿಕ್ಕಪ್ಪನಾದರೆ ಕೆದಕಬಹುದು ಎಂಬ ರಿಯಾಯಿತಿ ಅಲ್ಲಿ ನನಗೆ ಕಾಣಲಿಲ್ಲ. ಕಡತ ಫೋನನ್ನು ಬಿಡುವ ಮುನ್ನವೇ ಅದಕ್ಕೆ ಗೂಢಲಿಪಿಯ ಬೀಗ ಹಾಕುವ ಸಾಧನಗಳು ಮುಕ್ತ ತಂತ್ರಾಂಶದಲ್ಲೇ ಇವೆ. ಆಗ ಪೆಟ್ಟಿಗೆಯ ಯಜಮಾನನಿಗೂ ಕಾಣುವುದು ಅರ್ಥವಿಲ್ಲದ ಅಕ್ಷರಗಳು ಮಾತ್ರ. ಮೂಲ ಬರಹ ತೆರೆದಿರುವುದರಿಂದ, ಆ ಬೀಗ ನಿಜವಾದ ಬೀಗವೇ ಎಂದು ತಿಳಿದ ಯಾರಾದರೂ ಪರೀಕ್ಷಿಸಬಹುದು. ತಂತ್ರಾಂಶ ಎಲ್ಲರಿಗೂ ತೆರೆದಿರಬೇಕು, ಅದರೊಳಗಿಟ್ಟ ಬರಹ ಇಟ್ಟವಳಿಗೆ ಮಾತ್ರ ತೆರೆಯಬೇಕು. ಮೇಷ್ಟ್ರು ಈ ಏರ್ಪಾಡನ್ನು ಒಪ್ಪಿದರು. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ ಒಪ್ಪಿದರು ಅನ್ನಿ. ಪಾಸ್‌ವರ್ಡ್ ಮರೆತರೆ ಅವಳ ಬರಹವನ್ನು ತೆಗೆದುಕೊಡಲು ಯಾರಿಂದಲೂ ಆಗದು. ಅದು ಗೊತ್ತಿದ್ದೂ ಅವಳು ಒಪ್ಪಿದಳು.

ಇನ್ನು ‘ಮುಫ್ತ್’ನ ಮಾತಿಗೆ ಮತ್ತೆ ಬರಬೇಕು. ಕೆರೆಯ ಮಾತಿಲ್ಲದೆ ಅದನ್ನು ಹೇಳಲು ನನಗೆ ಬಾರದು. ಅರಸೀಕೆರೆಯ ಹೆಸರಲ್ಲೇ ಕೆರೆ ಇದೆ, ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ್ದೆಂದು ಪ್ರತೀತಿ. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ, ಅದೂ ಕೆರೆಯ ಹೆಸರೇ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂತು, ಮುಂದೆ ರಾಜಧಾನಿ ಹಾಳುಬಿತ್ತು, ಕೆರೆ ಇಂದಿಗೂ ಇದೆ. ಕೆರೆ ಕಟ್ಟಿಸಿದ ಪುಣ್ಯದ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ನಮ್ಮ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಪದಗಳು ಅದಕ್ಕಿಂತ ಜಾಣತನದವು. ಕೆರೆ ಕಟ್ಟಿದವರಿಗೆ, ಅದನ್ನು ಕಾದು ದುರಸ್ತಿ ಮಾಡುವವರಿಗೆ ಬಿಟ್ಟ ಭೂಮಿ ಅದು. ನೀರು ಎಲ್ಲರಿಗೆ, ಹೂಳೆತ್ತುವವನ ಹೊಟ್ಟೆಗೂ ವ್ಯವಸ್ಥೆ. ಆ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪವನ್ನೂ ದಾನಶಾಸನಗಳ ಕೊನೆಗೆ ಕೆತ್ತಿಸುತ್ತಿದ್ದರು.

ಮುಕ್ತ ತಂತ್ರಾಂಶದ ಕೆರೆಗೆ ಬಿತ್ತುವಟ್ಟ ಇಲ್ಲ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಹೊರಬಿತ್ತು. ಜಗತ್ತಿನ ಬ್ಯಾಂಕುಗಳು, ಅಂಗಡಿಗಳು ನೆಚ್ಚಿದ್ದ ‘ಓಪನ್ ಎಸ್‌ಎಸ್‌ಎಲ್’ ಎಂಬ ಬೀಗದಲ್ಲೇ ತೂತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2,000 ಡಾಲರ್! ಎಲ್ಲರೂ ನೀರು ಕುಡಿದರು, ಹೂಳೆತ್ತುವವನು ಉಂಡನೇ ಎಂದು ಕೇಳಲಿಲ್ಲ.

ಇಲ್ಲಿ ನನಗೆ ವಕ್ಫ್ ನೆನಪಾಗುತ್ತದೆ. ಖೈಬರಿನಲ್ಲಿ ತಮಗೆ ಬಂದ ಭೂಮಿಯ ಬಗ್ಗೆ ಹಜ್ರತ್ ಉಮರ್ (ರ) ಕೇಳಿದಾಗ, ಮೂಲವನ್ನು ಹಿಡಿದಿಟ್ಟು ಅದರ ಫಲವನ್ನು ದಾನ ಮಾಡುವಂತೆ ಪ್ರವಾದಿಯವರು (ಸ) ಸಲಹೆಯಿತ್ತರು. ಅದನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ನೋಡಿಕೊಳ್ಳುವವನು ಮಾತ್ರ ರೂಢಿಯಂತೆ ಅದರಿಂದ ಉಣ್ಣಬಹುದು. ಸ್ಟಾಲ್ಮನ್ 1989ರಲ್ಲಿ ಬರೆದ ‘ಜಿಪಿಎಲ್’ ಪರವಾನಗಿಯಲ್ಲೂ ಇದರ ಅರ್ಧ ಇದೆ. ತಿದ್ದಿ ಹಂಚು, ಪ್ರತಿಗೆ ಹಣವನ್ನೂ ಪಡೆ, ಆದರೆ ನಿನಗೆ ಸಿಕ್ಕ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡು, ಬೀಗ ಹಾಕಬೇಡ. ಉಳಿದರ್ಧ, ಅಂದರೆ ನೋಡಿಕೊಳ್ಳುವವನ ಊಟದ ಲೆಕ್ಕ ಅದರಲ್ಲಿಲ್ಲ. (ನಮ್ಮ ಮುತವಲ್ಲಿಗಳಲ್ಲಿ ಕೆಲವರು ಈ ಉಳಿದರ್ಧವನ್ನು ಮಾತ್ರ ಚೆನ್ನಾಗಿ ಓದಿಕೊಂಡಿದ್ದಾರೆ, ಆ ಕಥೆ ಇಲ್ಲಿ ಬೇಡ.)

ಒಂದೊಂದು ಮನೆಯೂ ಒಂದೊಂದು ಬಾವಿ ತೋಡಿಕೊಳ್ಳುವುದು ಪರಿಹಾರವಲ್ಲವೆಂದೇ ನನ್ನ ಅನಿಸಿಕೆ. ಸಿಡಿಲು ಬಡಿದರೆ ಮೇಷ್ಟ್ರ ಪೆಟ್ಟಿಗೆ ಒಂದು ಕ್ಷಣದ್ದು. ಮೂರು ಪ್ರತಿ ಇರಲಿ, ಒಂದಾದರೂ ಬೇರೆ ಊರಿನಲ್ಲಿರಲಿ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಜಿಲ್ಲೆಯ ಶಾಸನಗಳು ಉಳಿದದ್ದೂ ಬರೀ ಕಲ್ಲಿನ ಬಲದಿಂದಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಸಂಪುಟವನ್ನು ಅಚ್ಚು ಹಾಕಿಸಿದ ಮೇಲೆ, ಕಲ್ಲು ಒಡೆದರೂ ಪಾಠ ಬೇರೆಡೆ ಉಳಿಯಿತು. ಅರಸೀಕೆರೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಸಿಗುವ ತುಮಕೂರಿನ ಬಳಿ, ದೇವರಾಯನದುರ್ಗದ ಹಳ್ಳಿಗಳಲ್ಲಿ ‘ಜನಸ್ತು’ ಎಂಬ ಸಂಸ್ಥೆ ಊರಿನದೇ ವೈಫೈ ಜಾಲ, ಊರಿನದೇ ಸಣ್ಣ ಸರ್ವರ್‌ಗಳ ಪ್ರಯೋಗ ಮಾಡಿದೆ. ನಮ್ಮ ಮಸೀದಿಯ ನಿಕಾಹ್ ದಫ್ತರು, ಉರ್ದು ಶಾಲೆಯ ಹಳೆಯ ದಾಖಲೆ, ವಾಚನಾಲಯದ ಕನ್ನಡ ಪತ್ರಿಕೆಗಳ ಸಂಪುಟ ಇವುಗಳಿಗೆ ಹೀಗೆ ನಾಲ್ಕಾರು ಮನೆ ಸೇರಿ ಒಂದು ನೆಲೆ ಮಾಡಬಹುದು. ನೋಡಿಕೊಳ್ಳುವವನಿಗೆ ತಿಂಗಳಿಗಿಷ್ಟು ಎಂದು ಮೊದಲೇ ಗೊತ್ತು ಮಾಡಿದರೆ ಮಾತ್ರ ಅದು ಎರಡನೆಯ ಮಳೆಗಾಲ ಕಂಡೀತು.

ಬಿಟ್ಟುಹೋಗುವ ಆಸ್ತಿ ಇರುವವನು ವಸೀಯತ್ ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಹದೀಸ್ ಇದೆ. ಈ ಕಾಲದ ಆಸ್ತಿಯಲ್ಲಿ ಪಾಸ್‌ವರ್ಡೂ ಸೇರುತ್ತದೆಯೇ ಎಂದು ಮೇಷ್ಟ್ರು ಮೌಲವಿಯೊಬ್ಬರನ್ನು ಕೇಳಿದರಂತೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಸೇರುತ್ತದೆ ಅಂದರಂತೆ. ಪೆಟ್ಟಿಗೆ ನಡೆಸುವ ಕ್ರಮವನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಕೈಯಾರೆ ಬರೆದು, ಲಕೋಟೆಗೆ ಹಾಕಿ, ಜಮೀನಿನ ಪತ್ರಗಳ ಜೊತೆ ಇಟ್ಟಿದ್ದಾರೆ. ಮನೆಯವರಲ್ಲಿ ಯಾರ ಪಾಸ್‌ವರ್ಡ್ ಯಾರಿಗೆ ಸಲ್ಲಬೇಕೆಂದೂ ಅದರಲ್ಲಿದೆ. ಹುಡುಗಿಯ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಬಿಟ್ಟಿದ್ದಾರೆ, ಅದು ಅವರ ಬಳಿ ಇಲ್ಲ.