ಮರ ಇಳಿದ ಮೇಲೆ

ಲೂಕ 19ನೇ ಅಧ್ಯಾಯ ತೆಗೆಯಿರಿ. ಯೆರಿಕೋವಿನ ಜಕ್ಕಾಯನ ಕಥೆ ಸಂಡೇ ಸ್ಕೂಲಲ್ಲೇ ಕೇಳಿದ್ದೇವೆ. ಕುಳ್ಳ, ಮರ ಹತ್ತಿದ. ಅಷ್ಟಕ್ಕೇ ಬಿಟ್ಟುಬಿಡ್ತೇವೆ. ನನಗೆ ಮಾತ್ರ ಅವನು ಇಳಿದ ಮೇಲೆ ಆಗಿದ್ದೇ ಮುಖ್ಯ ಅನಿಸುತ್ತದೆ.

ಯೇಸುಸ್ವಾಮಿ ಅವನ ಮನೆಗೆ ಹೋದರು. ಅಲ್ಲಿ ದುಡ್ಡಿನ ಮಾತು ಕರ್ತನು ಎತ್ತಿದನೆಂದು ಬರೆದಿಲ್ಲ. ಜಕ್ಕಾಯನೇ ಎದ್ದು ನಿಂತು ಲೆಕ್ಕ ಒಪ್ಪಿಸಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಅರಣ್ಯಕಾಂಡ 5ನೇ ಅಧ್ಯಾಯ ನೋಡಿ. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. 100 ರೂಪಾಯಿಗೆ 120 ಅಂದ್ಕೊಳ್ಳಿ. ಇವನು 400 ಕೊಡ್ತೀನಿ ಅಂದ! ಅದು ಕುರಿ ಕದ್ದು ಕೊಯ್ದವನಿಗೆ ಮೋಶೆಯ ಧರ್ಮಶಾಸ್ತ್ರ ಹಾಕಿದ ದಂಡ. ಯಾರೂ ಕೇಳದೆ ತನ್ನನ್ನು ಕಳ್ಳರ ಸಾಲಲ್ಲಿ ನಿಲ್ಲಿಸಿಕೊಂಡ.

ಈಗ ನಮ್ಮ ವಿಷಯ. ಉಪವಾಸ ಪ್ರಾರ್ಥನೆ, ಅನ್ಯಭಾಷೆ, ಆರಾಧನೆ ಎಲ್ಲಾ ಇದೆ, ದೇವರಿಗೆ ಸ್ತೋತ್ರ. ಆದರೆ ತೆರಿಗೆ ಉಳಿಸೋಕೆ ಆಫೀಸಿಗೆ ಕೊಡುವ ಬಾಡಿಗೆ ರಸೀದಿ? ಅಪ್ಪನ ಮನೆಯಲ್ಲೇ ಇದ್ದು, ಒಂದು ರೂಪಾಯಿ ಬಾಡಿಗೆಯನ್ನೂ ಕೊಡದೆ, ಅಪ್ಪನ ಸಹಿ ಹಾಕಿಸಿದ ರಸೀದಿ? (ನಗ್ತಿದ್ದೀರಿ, ಅಂದರೆ ಗೊತ್ತು.) ಎಲ್ಲರೂ ಮಾಡ್ತಾರೆ ಪಾಸ್ಟರ್, ಅಂತೀರಿ. ಯೆರಿಕೋವಿನ ಸುಂಕದ ಕಟ್ಟೆಯಲ್ಲೂ ಇದೇ ಮಾತು ನಡೆದಿರಬೇಕು. ಜಕ್ಕಾಯ ಸುಂಕ ಎತ್ತಿ ಮೋಸ ಮಾಡಿದ, ನಾವು ಕಟ್ಟದೆ ಮಾಡ್ತೇವೆ.

ರೂಮ್‌ಮೇಟ್‌ಗೆ ಕೊಡಬೇಕಾದ ಅಡ್ವಾನ್ಸ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತೆ.

ಆರಾಧನೆ ಮುಗಿದ ಮೇಲೆ ನಾನು ಇಲ್ಲೇ ಇರ್ತೇನೆ. ಸರಿ ಮಾಡಬೇಕಾದದ್ದು ಇದ್ದವರು ಬನ್ನಿ. ಮೊದಲು ಪ್ರಾರ್ಥನೆ ಮಾಡೋಣ, ಆಮೇಲೆ ಕೂತು ಎಷ್ಟು ಅಂತ ಬರೆಯೋಣ.